ಹೊಟ್ಟಿಬ್ಯಾನಿಯ ಹೊತ್ತು: ಬಾಗಲಕೋಟೆ ಸೀಮೆಯಲ್ಲಿ ಅಂಡಾಶಯದ ನೀರುಗುಳ್ಳೆ ಮತ್ತು ಚಿಕಿತ್ಸೆಯ ನಿರ್ಧಾರ

ಬಾದಾಮಿ, ಹುನಗುಂದ ಕಡೆಯ ಮನೆಗಳಲ್ಲಿ ಹೆಣ್ಣುಮಕ್ಕಳ ಕಿಬ್ಬೊಟ್ಟೆಯ ನೋವಿಗೆಲ್ಲ ‘ಹೊಟ್ಟಿಬ್ಯಾನಿ’ ಎಂಬ ಒಂದೇ ಹೆಸರು. ತಿಂಗಳ ನೋವೂ ಅದೇ, ಅಂಡಾಶಯ ತಿರುಚಿಕೊಂಡ ನೋವೂ ಅದೇ. ವೈದ್ಯರ ಬಳಿ ಹೋಗುವ ಹೊತ್ತನ್ನು ಗೊತ್ತುಮಾಡುವುದು ಅಂಡಾಶಯದ ನೀರುಗುಳ್ಳೆಯ ಅಳತೆಯೊಂದೇ ಅಲ್ಲ. ನೋವು ಬಂದ ಬಗೆ ಮತ್ತು ಹೆಣ್ಣಿನ ವಯಸ್ಸು ಅದಕ್ಕಿಂತ ಮುಖ್ಯ ಎಂಬುದು ಈ ಲೇಖನದ ವಾದ.

ಇಳಕಲ್ಲಿನಲ್ಲಿ ಕಂಡಿಕೆ ಸುತ್ತುವವರಿಗೆ ನೂಲಿನ ಹುರಿ ಚೆನ್ನಾಗಿ ಗೊತ್ತು. ಗುಳ್ಳೆಯ ಭಾರಕ್ಕೆ ಅಂಡಾಶಯವೂ ಹಾಗೆಯೇ ಹುರಿಗೊಳ್ಳಬಲ್ಲದು. ಆಗ ಮೊದಲು ಒತ್ತಿಹೋಗುವುದು ತೆಳುಗೋಡೆಯ ಅಭಿಧಮನಿ. ರಕ್ತ ಒಳಬರುತ್ತದೆ, ಹೊರಹೋಗದು. ಅಂಡಾಶಯ ಬಾತು, ಕಡೆಗೆ ಒಳಹರಿವೂ ನಿಲ್ಲುತ್ತದೆ. ಒಂದು ಮಗ್ಗುಲಲ್ಲಿ ಹಠಾತ್ತನೆ ಏಳುವ ತೀವ್ರ ನೋವು, ಜೊತೆಗೆ ವಾಂತಿ ಇದರ ಗುರುತು. ನೋವು ಬಿಟ್ಟುಬಿಟ್ಟು ಬರುವುದೂ ಉಂಟು. ಡಾಪ್ಲರ್ ಸ್ಕ್ಯಾನಿನಲ್ಲಿ ರಕ್ತಸಂಚಾರ ಕಂಡರೂ ತಿರುಚು ಇಲ್ಲವೆನ್ನಲಾಗದು. ಬೇಗ ಬಿಡಿಸಿದರೆ ಕಪ್ಪಿಟ್ಟ ಅಂಡಾಶಯವೂ ಅನೇಕ ಸಲ ಉಳಿಯುತ್ತದೆ. ನೋವಿನೊಡನೆ ತಲೆಸುತ್ತು, ಮೂರ್ಛೆ ಬಂದರೆ ಗುಳ್ಳೆ ಒಡೆದು ಒಳಗೆ ರಕ್ತ ಸೋರುತ್ತಿರಬಹುದು. ಮುಟ್ಟು ತಪ್ಪಿದ್ದರೆ ಗರ್ಭನಾಳದಲ್ಲಿ ಬಸಿರು ನಿಂತಿರುವ ಶಂಕೆಯೂ ಇರಬೇಕು.

ಆದರೆ ಮುಟ್ಟಾಗುವ ವಯಸ್ಸಿನವರ ಬಹುಪಾಲು ಗುಳ್ಳೆಗಳು ಎರಡು ಮೂರು ತಿಂಗಳಲ್ಲಿ ತಾವೇ ಕರಗುತ್ತವೆ. 5 ಸೆಂ.ಮೀ. ಒಳಗಿನ, ಬರೀ ನೀರು ತುಂಬಿದ ಗುಳ್ಳೆಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಡ. ಸ್ಕ್ಯಾನ್ ಚೀಟಿಯಲ್ಲಿ ‘ಸಿಸ್ಟ್’ (ಗುಳ್ಳೆ) ಎಂದು ಕಂಡೊಡನೆ ಗರ್ಭಕೋಶ ತೆಗೆಸಲು ಒಪ್ಪುವುದು ಅಪಾಯ. ಕಲಬುರಗಿ ಜಿಲ್ಲೆಯ ಬಡ ಹೆಣ್ಣುಮಕ್ಕಳಿಗೆ ನಡೆದ ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳು 2015ರ ಸುಮಾರಿಗೆ ಬಯಲಾದವು; ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಲು ಸಂಕೋಚ ಸಲ್ಲದು.

ಮುಟ್ಟು ನಿಂತವರ ಲೆಕ್ಕ ಬೇರೆ. ಹೊಟ್ಟೆಯುಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು, ಪದೇ ಪದೇ ಮೂತ್ರಕ್ಕೆ ಹೋಗುವುದು ವಾರಗಟ್ಟಲೆ ಉಳಿದರೆ ಅದನ್ನು ಗ್ಯಾಸ್ ಎಂದು ತಳ್ಳಿಹಾಕದೆ, ಅಂಡಾಶಯದ ಕ್ಯಾನ್ಸರಿನ ಶಂಕೆಯಿಂದ ಸ್ಕ್ಯಾನ್, ಸಿಎ-125 ರಕ್ತಪರೀಕ್ಷೆ ಮಾಡಿಸಬೇಕು. ತಪ್ಪು ಹೆಸರಿಡುವುದು ನಮ್ಮಲ್ಲಿ ಮಾತ್ರವಲ್ಲ: 1809ರಲ್ಲಿ ಕೆಂಟಕಿಯ ವೈದ್ಯ ಎಫ್ರೈಮ್ ಮೆಕ್‌ಡೊವೆಲ್ ಜೇನ್ ಟಾಡ್ ಕ್ರಾಫರ್ಡ್ ಎಂಬಾಕೆಯ ಒಡಲಿನಿಂದ ತೆಗೆದ ಸುಮಾರು 10 ಕೆ.ಜಿ. ತೂಕದ ಅಂಡಾಶಯದ ಗಡ್ಡೆಯನ್ನು ಮೊದಲು ಬಸಿರೆಂದೇ ತಿಳಿಯಲಾಗಿತ್ತು. ಆಕೆ ಆಮೇಲೆ 32 ವರ್ಷ ಬದುಕಿದಳು.

ಬಾಗಲಕೋಟೆಯಲ್ಲಿ ಜಿಲ್ಲಾ ಆಸ್ಪತ್ರೆಯಿದೆ, ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆಯಿದೆ. ಇಳಕಲ್ಲಿನಿಂದ ಅಲ್ಲಿಗೆ ಗಂಟೆಗೂ ಮೀರಿದ ದಾರಿ. ವಾಂತಿಯೊಡನೆ ಒಂದು ಮಗ್ಗುಲಲ್ಲಿ ಹಠಾತ್ತನೆ ತೀವ್ರ ನೋವು ರಾತ್ರಿ ಬಂದರೆ ಬೆಳಗಿನ ಬಸ್ಸಿಗೆ ಕಾಯಬೇಡಿ. 108ಕ್ಕೆ ಕರೆ ಮಾಡಿ.