ಮಕ್ಕಳ ಬೇಸಾಯಶಿಕ್ಷಣ: ಒಂದು ಐತಿಹಾಸಿಕ ವಿವೇಚನೆ

ಶಿವಮೊಗ್ಗದಿಂದ ಭದ್ರಾವತಿಗೆ ಸಾಗುವ ಹೆದ್ದಾರಿಯಲ್ಲಿ ಮಲವಗೊಪ್ಪವೆಂಬ ಊರಿದೆ. ‘ಕೊಪ್ಪ’ವೆಂದರೆ ಸಣ್ಣ ಹಳ್ಳಿ, ಸಮಾಸದಲ್ಲಿ ಕಕಾರಕ್ಕೆ ಗಕಾರವು ಆದೇಶವಾಗಿ ‘ಗೊಪ್ಪ’ವೆನಿಸಿತು. ಇಂದು ನಗರದ ಅಂಚಿಗೆ ಸೇರಿಹೋಗಿದ್ದರೂ ಈ ಹೆಸರು ತನ್ನ ಒಕ್ಕಲುತನದ ಮೂಲವನ್ನು ಬಚ್ಚಿಟ್ಟಿಲ್ಲ. ತುಂಗೆ ಭದ್ರೆಯರ ನಡುವಣ ಈ ಗದ್ದೆಬಯಲಿನಲ್ಲಿ ಮಕ್ಕಳು ಬೇಸಾಯವನ್ನು ಹೇಗೆ ಕಲಿತರು, ಆ ಕಲಿಕೆ ಹೇಗೆ ಕಡಿದುಹೋಯಿತು ಎಂಬುದು ವಿಚಾರಾರ್ಹವಾದ ಸಂಗತಿ.

ಶಾಲೆಯಿಲ್ಲದ ಕಾಲದಲ್ಲಿ ಮನೆಯೇ ಶಾಲೆ. ಬಿತ್ತನೆಯ ಬತ್ತವನ್ನು ಉಪ್ಪುನೀರಿಗೆ ಹಾಕಿ ತೇಲುವ ಜೊಳ್ಳನ್ನು ತೆಗೆಯುವುದು, ನೆನೆದ ಬೀಜವನ್ನು ಹುಲ್ಲು ಮುಚ್ಚಿ ಮೊಳಕೆ ಬರಿಸುವುದು, ಮಡಿಯಲ್ಲಿ ಬೆಳೆದ ಸಸಿಯನ್ನು ಬೇರು ಹರಿಯದಂತೆ ಕೀಳುವುದು, ಬದುವಿನ ಏಡಿಬಿಲಕ್ಕೆ ಕೆಸರು ಮೆತ್ತಿ ನೀರು ನಿಲ್ಲಿಸುವುದು, ಕಂಬಳಿಯನ್ನು ಕೊಪ್ಪೆಯಾಗಿ ಮಡಿಚಿ ಮಳೆಯಲ್ಲಿ ದನ ಕಾಯುವುದು, ಇವೆಲ್ಲವೂ ಕಣ್ಣಿನಿಂದ ಕೈಗೆ ಇಳಿದು ಬಂದ ವಿದ್ಯೆಗಳು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವೆಂಬ ಲೆಕ್ಕವನ್ನು ಮಗು ಕಣದಲ್ಲಿ ಅಳೆಯುತ್ತಲೇ ಕಲಿಯುತ್ತಿತ್ತು. ಕೆಳದಿಯ ಶಿವಪ್ಪನಾಯಕನು (ಕ್ರಿ.ಶ. ೧೬೪೫–೧೬೬೦) ಭೂಮಿಯನ್ನು ಐದು ದರ್ಜೆಗಳಾಗಿ ವಿಂಗಡಿಸಿ, ಬೆಳೆಯ ಮೂರನೆಯ ಒಂದು ಭಾಗವನ್ನು ಆಧಾರವಾಗಿಟ್ಟು ‘ಶಿಸ್ತು’ ಗೊತ್ತುಪಡಿಸಿದನು. ಮಣ್ಣಿನ ಗುಣವನ್ನು ಬಲ್ಲ ಒಕ್ಕಲುಮಕ್ಕಳಿದ್ದ ನಾಡಿನಲ್ಲಿಯೇ ಅಂಥ ವ್ಯವಸ್ಥೆ ಸಾಧ್ಯ. ಕಾಯಕವನ್ನು ಹೆಸರಿನೊಡನೆ ಧರಿಸಿದ ತುರುಗಾಹಿ ರಾಮಣ್ಣ, ನುಲಿಯ ಚಂದಯ್ಯ, ಒಕ್ಕಲಿಗ ಮುದ್ದಣ್ಣ ಮೊದಲಾದ ಶರಣರನ್ನು ನೆನೆದರೆ, ದುಡಿಮೆಯ ಅರಿವೂ ಅರಿವೇ ಎಂಬ ನಂಬಿಕೆಯ ಆಳವು ಸ್ಪಷ್ಟವಾಗುತ್ತದೆ.

ಇಪ್ಪತ್ತನೆಯ ಶತಮಾನವು ಎರಡು ವಿರುದ್ಧ ಪ್ರವಾಹಗಳನ್ನು ತಂದಿತು. ಒಂದೆಡೆ ೧೯೨೩ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ಉತ್ಪಾದನೆಯನ್ನಾರಂಭಿಸಿತು. ಕಾಗದದ ಕಾರ್ಖಾನೆಯು ಹಿಂಬಾಲಿಸಿತು. ಮಲವಗೊಪ್ಪದಲ್ಲಿಯೂ ಕಬ್ಬು ಅರೆಯುವ ಸಕ್ಕರೆ ಕಾರ್ಖಾನೆಯೊಂದು ಬಹುಕಾಲ ನಡೆದು ನಿಂತುಹೋಯಿತು. ನೇಗಿಲಿನ ಮಗನು ಸಂಬಳದ ಕಡೆಗೆ ಮುಖ ಮಾಡಿದನು. ಇನ್ನೊಂದೆಡೆ ಬೇಸಾಯವೇ ಶಾಲೆಯ ಪಾಠವಾಗತೊಡಗಿತು. ೧೯೧೩ರಲ್ಲಿ ಹೆಬ್ಬಾಳದಲ್ಲಿ ಕೃಷಿಶಾಲೆ ಸ್ಥಾಪನೆಯಾಯಿತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ನಡೆಸಿದ ಲೆಸ್ಲಿ ಕೋಲ್ಮನ್ನರು ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಗೊನೆಗೆ ಕೊಟ್ಟೆ ಕಟ್ಟುವ ಹಳೆಯ ಕೈಚಳಕದ ಪಕ್ಕದಲ್ಲಿ ಹೊಸ ವಿಜ್ಞಾನವು ನಿಂತಿತು.

೧೯೩೭ರ ಅಕ್ಟೋಬರದಲ್ಲಿ ವರ್ಧಾದಲ್ಲಿ ಸೇರಿದ ಸಮ್ಮೇಳನವು ಗಾಂಧೀಜಿಯವರ ಮೂಲಶಿಕ್ಷಣದ ಕಲ್ಪನೆಯನ್ನು ದೇಶದ ಮುಂದಿಟ್ಟಿತು. ಏಳರಿಂದ ಹದಿನಾಲ್ಕು ವರ್ಷದವರೆಗೆ ಮಾತೃಭಾಷೆಯಲ್ಲಿ, ಒಂದು ಕಸುಬನ್ನು ನಡುವೆ ಇಟ್ಟು ಎಲ್ಲ ವಿಷಯಗಳನ್ನು ಕಲಿಸುವುದು ಅದರ ತಿರುಳು. ಜಾಕೀರ್ ಹುಸೇನರ ಸಮಿತಿಯು ಅದಕ್ಕೆ ಪಠ್ಯಕ್ರಮವನ್ನು ರೂಪಿಸಿತು. ಆದರೆ ನೌಕರಿಗೆ ದಾರಿ ಮಾಡುವ ಪರೀಕ್ಷೆ ಬೇರೆ, ಕೈದುಡಿಮೆಯ ಶಾಲೆ ಬೇರೆ ಎಂದಾದಾಗ, ತಾಯಿತಂದೆಗಳು ಎರಡನೆಯದನ್ನು ಕೀಳೆಂದು ಬಗೆದರು. ಕೊಠಾರಿ ಆಯೋಗದ (೧೯೬೪–೬೬) ‘ಕಾರ್ಯಾನುಭವ’ವಾಗಲಿ, ೧೯೭೭ರ ಈಶ್ವರಭಾಯಿ ಪಟೇಲ್ ಸಮಿತಿಯ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ವಾಗಲಿ ಬಹುಮಟ್ಟಿಗೆ ವೇಳಾಪಟ್ಟಿಯ ಒಂದು ಗಂಟೆಯಾಗಿಯೇ ಉಳಿಯಿತು.

ಆದರೂ ಬೀಜವು ನಷ್ಟವಾಗಲಿಲ್ಲ. ಹಾವೇರಿ ಜಿಲ್ಲೆಯ ಹೊಸರಿತ್ತಿಯು ಸ್ವಾತಂತ್ರ್ಯ ಹೋರಾಟಗಾರ ಗುದ್ಲೆಪ್ಪ ಹಳ್ಳಿಕೇರಿಯವರ ಊರು. ೧೯೪೩ರ ಏಪ್ರಿಲ್ ೧ರಂದು ಮೈಲಾರ ಮಹದೇವಪ್ಪನವರು ಇಬ್ಬರು ಸಂಗಾತಿಗಳೊಡನೆ ಪ್ರಾಣವಿತ್ತ ನೆಲ. ಅಲ್ಲಿಯ ಗಾಂಧೀ ಗ್ರಾಮೀಣ ಗುರುಕುಲದಲ್ಲಿ ಮಕ್ಕಳು ತರಗತಿಯ ಪಾಠದ ಜೊತೆಯಲ್ಲಿ ಬೇಸಾಯವನ್ನೂ ಪಶುಪಾಲನೆಯನ್ನೂ ಕಲಿಯುತ್ತಾರೆ. ಶಿವಮೊಗ್ಗದಲ್ಲಿಯೇ ೨೦೧೨ರಲ್ಲಿ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯವು ಸ್ಥಾಪನೆಯಾಗಿ, ಈಗ ಕೆಳದಿ ಶಿವಪ್ಪನಾಯಕನ ಹೆಸರನ್ನು ಹೊತ್ತಿದೆ. ಆದರೆ ವಿಶ್ವವಿದ್ಯಾಲಯದ ಬಾಗಿಲಿಗೆ ಬರುವವನು ಹದಿನೆಂಟರ ತರುಣ. ಕೆಸರಿನ ಭಯ ಬಿಡುವ ವಯಸ್ಸು ಎಂಟು, ಹತ್ತು.

ಇಲ್ಲೊಂದು ವಿವೇಕವು ಅವಶ್ಯ. ಹಿಂದಿನ ಕಾಲವನ್ನು ಹೊಗಳುವ ಭರದಲ್ಲಿ, ಜೀತಕ್ಕಿಟ್ಟ ದನಗಾಹಿ ಬಾಲಕರ ಕಣ್ಣೀರನ್ನು ಮರೆಯಲಾಗದು. ಮಗುವಿನ ಬೆವರಿನಿಂದ ಮತ್ತೊಬ್ಬರ ಕಣಜ ತುಂಬಿದರೆ ಅದು ಶಿಕ್ಷಣವಲ್ಲ, ಶೋಷಣೆ. ಬಾಲಕಾರ್ಮಿಕರ ಕುರಿತ ೧೯೮೬ರ ಕಾಯಿದೆಯು ೨೦೧೬ರಲ್ಲಿ ತಿದ್ದುಪಡಿಗೊಂಡು, ಹದಿನಾಲ್ಕರೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿತು. ಶಾಲೆಯ ಅವಧಿಯ ಆಚೆಗೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ ಮನೆಯವರಿಗೆ ನೆರವಾಗುವುದನ್ನು ಬಿಟ್ಟುಕೊಟ್ಟಿತು. ಕಲಿಕೆಯೋ ಕೂಲಿಯೋ ಎಂಬುದನ್ನು ನಿರ್ಣಯಿಸುವ ಒರೆಗಲ್ಲು ಒಂದೇ: ಕೆಲಸ ಮುಗಿದಾಗ ಬೆಳೆದದ್ದು ಮಗುವೋ, ಮಾಲೀಕನ ಲಾಭವೋ?

ಈ ಒರೆಗಲ್ಲನ್ನು ಕೈಯಲ್ಲಿ ಹಿಡಿದು, ಪ್ರತಿಯೊಂದು ಶಾಲೆಯೂ ವಸತಿನಿಲಯವೂ ಒಂದು ಸಸಿಮಡಿಯನ್ನು ಮಕ್ಕಳ ವಶಕ್ಕೆ ಕೊಡಲಿ. ಅನ್ನ ಬೆಳೆಯುವುದನ್ನು ಬಲ್ಲ ಮಗುವು ಅನ್ನವನ್ನು ಚೆಲ್ಲದು. ಬೆಳೆದವನನ್ನು ಕೀಳಾಗಿಯೂ ಕಾಣದು.