ಕರಿಕಲ್ಲಿನ ಕಡಲಯಾನ: ಹಡಗು ಉದ್ಯಮದ ಸುಸ್ಥಿರತೆಯ ಲೆಕ್ಕವನ್ನು ಕೊಳ್ಳೇಗಾಲದಿಂದ ನೋಡಿದಾಗ

ಹಡಗು ಉದ್ಯಮದ ಸುಸ್ಥಿರತೆಯನ್ನು ಅಭ್ಯಾಸ ಮಾಡುವವರು ಸಾಮಾನ್ಯವಾಗಿ ಬಂದರಿನಿಂದ ಶುರುಮಾಡುತ್ತಾರೆ. ಹಡಗು ಎಷ್ಟು ಎಣ್ಣೆ ಸುಟ್ಟಿತು, ಬಂದರು ಎಷ್ಟು ಸೌರವಿದ್ಯುತ್ ಬಳಸಿತು ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರ ಸಿಗುತ್ತದೆ. ಸರಕು ಎಲ್ಲಿಂದ ಬಂತು, ಬರುವಾಗ ಏನನ್ನು ಹಿಂದೆ ಬಿಟ್ಟು ಬಂತು ಎಂಬುದಕ್ಕೆ ಸಿಗುವುದಿಲ್ಲ. ಕಡಲಿನಿಂದ ದೂರವಿರುವ ಒಂದು ಸೀಮೆಯಿಂದ ಈ ಲೆಕ್ಕವನ್ನು ನೋಡಿದರೆ ಅದರ ಗಡಿ ಎಲ್ಲಿ ತಪ್ಪಾಗಿ ಬಿದ್ದಿದೆ ಎಂಬುದು ತಿಳಿಯುತ್ತದೆ ಎನ್ನುವುದು ಈ ಲೇಖನದ ವಾದ. ಆಯ್ದುಕೊಂಡ ಸೀಮೆ ಕೊಳ್ಳೇಗಾಲ, ಹನೂರು, ಯಳಂದೂರು. ಆಯ್ದುಕೊಂಡ ಸರಕು ಚಾಮರಾಜನಗರ ಜಿಲ್ಲೆಯ ಕರಿಕಲ್ಲು.

ಈ ಸೀಮೆಗೆ ಹಡಗಿನ ನಂಟು ಹೊಸದಲ್ಲ. 1902ರಲ್ಲಿ ಇಲ್ಲಿಗೆ ಹತ್ತಿರದ, ಕಾವೇರಿಯ ಮೇಲಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದಾಗ ಅದರ ಹಿಂದೆ ಇದ್ದದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯಂತ್ರಗಳು. ಹಡಗಿನಿಂದ ಇಳಿದ ಆ ಭಾರದ ಕೊನೆಯ ಹಾದಿಯನ್ನು ಸವೆಸಿದ್ದು ಆನೆ, ಗಾಡಿಗಳು. ಆಗ ಕಾವೇರಿಯ ಆಚೆ ದಡ ಮೈಸೂರು ಸಂಸ್ಥಾನದ್ದು. ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, 1956ರವರೆಗೂ ಅಲ್ಲೇ ಇತ್ತು. ಭಾರವಾದ ಸರಕಿಗೆ ಕಡಲಿಗಿಂತ ಕಷ್ಟವಾದದ್ದು ಒಳನಾಡಿನ ಕೊನೆಯ ಮೈಲಿಗಳು ಎಂಬ ಮಾತು ಅಂದಿಗೂ ನಿಜ, ಇಂದಿಗೂ ನಿಜ. ಈಗ ಭಾರ ಹರಿಯುವ ದಿಕ್ಕು ಮಾತ್ರ ತಿರುಗಿದೆ.

ಒಂದು ಬ್ಲಾಕಿನ ಲೆಕ್ಕ

ರಫ್ತಿಗೆ ಸಿದ್ಧವಾದ ಕರಿಕಲ್ಲಿನ ಬ್ಲಾಕನ್ನು ಹತ್ತಿರದಿಂದ ನೋಡಬೇಕು. ಅಂಚಿನುದ್ದಕ್ಕೂ ಡ್ರಿಲ್ ಕೊರೆದ ಅರೆಕೊಳವೆಯ ಗೆರೆಗಳು ಸಾಲಾಗಿರುತ್ತವೆ. ವೈರ್ ಗರಗಸ ಹಾದ ಮುಖ ಮಾತ್ರ ನುಣುಪು. ಒಂದು ಬದಿಗೆ ಪೇಂಟಿನಲ್ಲಿ ನಂಬರು, ಅಳತೆ ಬರೆದಿರುತ್ತಾರೆ. ಉದ್ದ 3 ಮೀಟರ್, ಎತ್ತರ 1.8, ದಪ್ಪ 1.5 ಎಂದಿಟ್ಟುಕೊಳ್ಳೋಣ. ಈ ಕಲ್ಲು ಭೂವಿಜ್ಞಾನದ ಪ್ರಕಾರ ಡೋಲರೈಟ್; ಘನ ಮೀಟರಿಗೆ ಸುಮಾರು 3 ಟನ್ ತೂಗುತ್ತದೆ. ಅಂದರೆ ಬ್ಲಾಕು ಒಂದು, ತೂಕ 24 ಟನ್. ಟ್ರೈಲರ್ ಲಾರಿಗೆ ಅದೊಂದೇ ಹೊರೆ.

ಅದು ಚೆನ್ನೈ ಬಂದರಿನಿಂದ ಯುರೋಪಿನ ರಾಟರ್‌ಡ್ಯಾಮಿಗೆ ಹೋಗುತ್ತದೆ ಎನ್ನೋಣ. ಕೊಳ್ಳೇಗಾಲ ಬಿಟ್ಟ ಲಾರಿ ಧನಗೆರೆ, ಸತ್ತೇಗಾಲದ ಸೀಮೆ ಹಾದು ಮಳವಳ್ಳಿ, ಕನಕಪುರದ ಮೂಲಕ ಬೆಂಗಳೂರಿಗೆ, ಅಲ್ಲಿಂದ ಚೆನ್ನೈಗೆ ಹೋದರೆ ಸುಮಾರು 480 ಕಿ.ಮೀ. ಲೋಡಿನಲ್ಲಿ ಲೀಟರಿಗೆ 3 ಕಿ.ಮೀ., ಖಾಲಿ ಬರುವಾಗ 5 ಕಿ.ಮೀ. ಮೈಲೇಜು ಹಿಡಿದರೆ ಹೋಗಿಬರುವುದಕ್ಕೆ 256 ಲೀಟರ್ ಡೀಸೆಲ್ ಬೇಕು. ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್, ಒಟ್ಟು 690 ಕೆ.ಜಿ. ಇನ್ನು ಕಡಲು. ಸೂಯೆಜ್ ಕಾಲುವೆಯ ಹಾದಿ ಸುಮಾರು 14,000 ಕಿ.ಮೀ. ದೊಡ್ಡ ಹಡಗಿನಲ್ಲಿ ಒಂದು ಟನ್ ಸರಕನ್ನು ಒಂದು ಕಿ.ಮೀ. ಒಯ್ಯಲು 10 ಗ್ರಾಂ ಎಂದು ಹಿಡಿದರೆ ಈ ಬ್ಲಾಕಿನ ಪಾಲು 3,360 ಕೆ.ಜಿ.

ಈ ಅಂಕಿಗಳು ಅಂದಾಜಿನವು. ಹಡಗಿನ ಗಾತ್ರ, ವೇಗ, ಲಾರಿಯ ವಯಸ್ಸಿನ ಮೇಲೆ ಏರಿಳಿಯುತ್ತವೆ. ಆದರೆ ಅನುಪಾತ ಅಷ್ಟು ಸುಲಭಕ್ಕೆ ಬದಲಾಗದು. ಒಟ್ಟು ದೂರದಲ್ಲಿ ನೂರಕ್ಕೆ ಮೂರರಷ್ಟಿರುವ ರಸ್ತೆ, ಒಟ್ಟು ಇಂಗಾಲದಲ್ಲಿ ಆರನೇ ಒಂದು ಪಾಲನ್ನು ಹೊತ್ತಿದೆ. ಹಡಗಿನ ದಾಖಲೆಯಲ್ಲಾಗಲಿ ಬಂದರಿನ ದಾಖಲೆಯಲ್ಲಾಗಲಿ ಈ 690 ಕೆ.ಜಿ.ಗೆ ಜಾಗವೇ ಇಲ್ಲ. ಬಂಡೆ ಕಿತ್ತ ಮೇಲೆ ರಫ್ತಿಗೆ ಒಗ್ಗದೆ ಗುಡ್ಡದ ಬದಿಗೆ ಸುರಿದ ಕಲ್ಲುರಾಶಿಯ ಮಾತಂತೂ ದೂರವೇ ಉಳಿಯಿತು. ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸವಿದ್ದರೂ, ಕೂದಲೆಳೆಯಷ್ಟು ಬಿರುಕಿದ್ದರೂ ಆ ಕಲ್ಲು ಲಾರಿ ಹತ್ತುವುದಿಲ್ಲ. ಅದು ಊರಿನ ಪಾಲಿಗೇ ಉಳಿಯುತ್ತದೆ.

ಅಂಕ ಕೊಡುವ ಬಗೆ

ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ ನಾಲ್ಕನೇ ಅಧ್ಯಯನದ ಪ್ರಕಾರ 2018ರಲ್ಲಿ ಹಡಗುಗಳು ಹೊರಬಿಟ್ಟ ಹಸಿರುಮನೆ ಅನಿಲ 107.6 ಕೋಟಿ ಟನ್; ಜಗತ್ತಿನಲ್ಲಿ ಮನುಷ್ಯರಿಂದಾಗುವ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಹಡಗುಗಳ ಪಾಲು ಶೇ. 2.89. ಇದನ್ನು ಇಳಿಸಲು 2023ರಿಂದ 5,000 ಗ್ರಾಸ್ ಟನ್ ಮತ್ತು ಅದಕ್ಕೂ ಮೀರಿದ ಹಡಗುಗಳಿಗೆ ವರ್ಷಕ್ಕೊಮ್ಮೆ ಎ ಯಿಂದ ಇ ವರೆಗೆ ದರ್ಜೆ ಕೊಡುವ ಇಂಗಾಲ ತೀವ್ರತಾ ಸೂಚಿ ಜಾರಿಯಲ್ಲಿದೆ. ಸತತ ಮೂರು ವರ್ಷ ಡಿ, ಇಲ್ಲವೇ ಒಂದು ವರ್ಷ ಇ ಬಂದರೆ ಹಡಗಿನವರು ತಿದ್ದುಪಡಿಯ ಯೋಜನೆ ಸಲ್ಲಿಸಬೇಕು. ಸುಸ್ಥಿರತೆ ನಿರ್ವಹಣೆಯ ಹೆಚ್ಚಿನ ಕೆಲಸ ಇಂದು ಈ ದರ್ಜೆಯ ಸುತ್ತಲೇ ನಡೆಯುತ್ತಿದೆ.

ಈ ಸೂಚಿ ಬರುವುದು ಹೀಗೆ: ವರ್ಷದಲ್ಲಿ ಹೊರಬಿಟ್ಟ ಇಂಗಾಲವನ್ನು ಹಡಗಿನ ಹೊರುವ ಶಕ್ತಿ ಮತ್ತು ಸಾಗಿದ ದೂರದ ಗುಣಲಬ್ಧದಿಂದ ಭಾಗಿಸುತ್ತಾರೆ. ಹೊತ್ತ ಸರಕಿನಿಂದಲ್ಲ, ಹೊರಬಲ್ಲ ತೂಕದಿಂದ. ಹಾಗಾಗಿ ಖಾಲಿ ಓಡುವ ಹಡಗು ಕಡಿಮೆ ಎಣ್ಣೆ ಸುಟ್ಟು ಒಳ್ಳೆಯ ದರ್ಜೆ ಪಡೆಯಬಹುದು. ಖಾಲಿ ಮರಳುವ ಲಾರಿಯ ಡೀಸೆಲ್ ಯಾರ ಜೇಬಿನಿಂದ ಹೋಗುತ್ತದೆ ಎಂದು ಅದರ ಮಾಲೀಕನಿಗೆ ಚೆನ್ನಾಗಿ ಗೊತ್ತು. ಆತನ ಆ ತಿಳಿವಳಿಕೆ ಈ ಸೂತ್ರದಲ್ಲಿಲ್ಲ.

ದೂರದ ವಿಚಾರ ಇನ್ನೂ ಗಂಭೀರ. 2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಬಹುತೇಕ ಕಂಟೈನರ್ ಹಡಗುಗಳು ಆಫ್ರಿಕದ ತುದಿಯನ್ನು ಸುತ್ತಿಹೋಗುವ ಹಾದಿ ಹಿಡಿದವು. ನಮ್ಮ ಬ್ಲಾಕು ಆ ಹಾದಿಯಲ್ಲಿ ಹೋದರೆ ಸುಮಾರು 21,000 ಕಿ.ಮೀ. ಸಾಗಬೇಕು. ಅದೇ ದರದಲ್ಲಿ ಕಡಲಿನ ಪಾಲು 5,040 ಕೆ.ಜಿ. ಆಗುತ್ತದೆ, ಒಂದೂವರೆ ಪಟ್ಟು. ಆದರೆ ಸೂಚಿಯ ಭಾಜಕದಲ್ಲೂ ದೂರವಿದೆ. ಎಣ್ಣೆ ಹೆಚ್ಚಿದಂತೆ ಅದೂ ಹೆಚ್ಚುತ್ತದೆ. ವೇಗ ಬದಲಾಗದಿದ್ದರೆ ದರ್ಜೆ ಕದಲುವುದಿಲ್ಲ. ಅದೇ ಕಲ್ಲು, ಅದೇ ಗಿರಾಕಿ, ಒಂದೂವರೆ ಟನ್ನಿಗೂ ಹೆಚ್ಚು ಹೆಚ್ಚುವರಿ ಇಂಗಾಲ. ವರದಿಯಲ್ಲಿ ಹಡಗಿನ ದರ್ಜೆ ಮಾತ್ರ ಮೊದಲಿನದೇ. ದಾಳಿಗೆ ಹಡಗಿನವರು ಹೊಣೆಯಲ್ಲ, ಸರಿ. ಆದರೆ ಸೂಚಿಯ ಕಣ್ಣಿಗೆ ಇಂಥ ಬದಲಾವಣೆ ಬೀಳದಿದ್ದರೆ ಅದನ್ನು ಸುಸ್ಥಿರತೆಯ ಅಳತೆ ಎನ್ನುವುದು ಕಷ್ಟ. ಹೆಚ್ಚೆಂದರೆ ಅದು ಎಂಜಿನ್ ನಡೆಸುವ ಜಾಣ್ಮೆಯ ಅಳತೆ.

ಯುರೋಪಿನ ಒಕ್ಕೂಟ 2024ರಿಂದ ಹಡಗುಗಳನ್ನು ತನ್ನ ಇಂಗಾಲ ವ್ಯಾಪಾರ ವ್ಯವಸ್ಥೆಗೆ ತಂದಿದೆ. ಹೊರಗಿನ ಬಂದರಿನಿಂದ ಬರುವ ಯಾನದ ಅರ್ಧ ಇಂಗಾಲಕ್ಕೆ ಬೆಲೆ ಕಟ್ಟುತ್ತದೆ. ಹಡಗಿನ ಇಂಗಾಲಕ್ಕೆ ಜಗತ್ತಿನ ಮಟ್ಟದಲ್ಲಿ ಬೆಲೆ ಕಟ್ಟಬೇಕಿದ್ದ ಸಾಗರ ಸಂಸ್ಥೆಯ ಚೌಕಟ್ಟು 2025ರ ಏಪ್ರಿಲಿನಲ್ಲಿ ಒಪ್ಪಿಗೆ ಪಡೆದು, ಅಕ್ಟೋಬರಿನಲ್ಲಿ ಅಂಗೀಕಾರದ ಹಂತದಲ್ಲಿ ಒಂದು ವರ್ಷಕ್ಕೆ ಮುಂದೂಡಲ್ಪಟ್ಟಿತು.

ಪಣಂಬೂರು ಮತ್ತು ಭದ್ರಾ

ಗಡಿಯನ್ನು ಎಲ್ಲಿ ಎಳೆಯುತ್ತೇವೆ ಎಂಬುದರ ಮೇಲೆ ಉದ್ಯಮ ಹಸಿರೋ ಅಲ್ಲವೋ ನಿಂತಿದೆ ಎನ್ನುವುದಕ್ಕೆ ಕರ್ನಾಟಕದಲ್ಲೇ ದೊಡ್ಡ ನಿದರ್ಶನವಿದೆ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣ ಅದಿರು ಕಂಪನಿ ತನ್ನ ಅದಿರನ್ನು ಲಾರಿಯಲ್ಲಿ ಸಾಗಿಸಲಿಲ್ಲ. ನೀರಿನೊಡನೆ ಕಲಸಿದ ಅದಿರುಪುಡಿ 67 ಕಿ.ಮೀ. ಕೊಳವೆಯಲ್ಲಿ ಘಟ್ಟ ಇಳಿದು ಪಣಂಬೂರಿನ ನವಮಂಗಳೂರು ಬಂದರಿಗೆ ಬರುತ್ತಿತ್ತು. ರಸ್ತೆಯ ಮೇಲೆ ಧೂಳಿಲ್ಲ, ಡೀಸೆಲ್ ಇಲ್ಲ. ಸಾಗಣೆಯ ಲೆಕ್ಕವೊಂದನ್ನೇ ನೋಡಿದರೆ ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆ ದೇಶದಲ್ಲಿ ವಿರಳ. ಘಟ್ಟದ ಮೇಲೆ ಮಾತ್ರ ಗಣಿಯ ಹೂಳು ಭದ್ರಾ ನದಿಗೆ ಸೇರುತ್ತಿತ್ತು, ಮಳೆಕಾಡಿನ ನಡುವೆ ಲಖ್ಯಾ ಅಣೆಕಟ್ಟಿನ ಹಿಂದೆ ಗಣಿತ್ಯಾಜ್ಯ ತುಂಬುತ್ತಿತ್ತು. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಬಳಿಕ ಮಂಗಳೂರಿನಲ್ಲಿ ಅದೇ ಕಂಪನಿಯ ಅದಿರುಂಡೆ (ಪೆಲೆಟ್) ಕಾರ್ಖಾನೆಗೆ ಛತ್ತೀಸಗಢದ ಅದಿರು ವಿಶಾಖಪಟ್ಟಣದಿಂದ ಹಡಗೇರಿ, ಪರ್ಯಾಯದ್ವೀಪವನ್ನು ಸುತ್ತಿಕೊಂಡು ಬರಲಾರಂಭಿಸಿತು. ಕಾಡು ಉಳಿದದ್ದು ದೊಡ್ಡ ಗೆಲುವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎರಡೂ ಹಂತಗಳಲ್ಲಿ ಬಂದರಿನ ಲೆಕ್ಕಪುಸ್ತಕ ಒಂದೇ ತೆರನಾಗಿತ್ತು: ಇಷ್ಟು ಟನ್ ಬಂತು, ಇಷ್ಟು ಟನ್ ಹೋಯಿತು.

ಹೊರೆಯ ಇಂಥದೇ ಜರುಗಾಟ ಬೇರೆಡೆಯೂ ಕಾಣುತ್ತದೆ. ಧೂಳಿನ ಕಾರಣಕ್ಕೆ 2011ರಲ್ಲಿ ಮದ್ರಾಸ್ ಹೈಕೋರ್ಟು ಚೆನ್ನೈ ಬಂದರಿನಲ್ಲಿ ಕಲ್ಲಿದ್ದಲು, ಕಬ್ಬಿಣದ ಅದಿರನ್ನು ಏರಿಸಿ ಇಳಿಸದಂತೆ ಮಾಡಿತು. ಕಲ್ಲಿದ್ದಲು ಎಣ್ಣೂರಿಗೆ ಹೋಯಿತು, ಧೂಳೂ ಜೊತೆಗೆ ಹೋಯಿತು. 2020ರಿಂದ ಹಡಗಿನ ಎಣ್ಣೆಯಲ್ಲಿ ಗಂಧಕದ ಮಿತಿ ಶೇ. 3.5ರಿಂದ 0.5ಕ್ಕೆ ಇಳಿದಾಗ ಹಲವರು ಹಳೆಯ ಎಣ್ಣೆಯನ್ನೇ ಉಳಿಸಿಕೊಂಡು ಹೊಗೆ ತೊಳೆಯುವ ಯಂತ್ರ ಹಾಕಿಸಿದರು. ತೊಳೆದ ನೀರು ಕಡಲಿಗೆ ಬಿತ್ತು.

ಕೇಂದ್ರದ ಹರಿತ್ ಸಾಗರ್ ಮಾರ್ಗಸೂಚಿ (2023) ಬಂದರುಗಳಿಗೆ ಟನ್ ಸರಕಿಗೆ ಇಂಗಾಲವನ್ನು 2030ರೊಳಗೆ ಶೇ. 30, 2047ರೊಳಗೆ ಶೇ. 70 ಇಳಿಸುವ ಗುರಿ ಕೊಟ್ಟಿದೆ. ಗುರಿ ಒಳ್ಳೆಯದು. ಆದರೆ ಈ ಟನ್ನು ಹುಟ್ಟುವುದು ಬಂದರಿನ ಗೇಟಿನಲ್ಲಿ.

ಎಲ್ಲಿಂದ ಸರಿಪಡಿಸಬಹುದು

ಒಳನಾಡಿನ ಲಾರಿ ನಮ್ಮ ಕೈಯಲ್ಲಿಲ್ಲ, ಕೈಯಲ್ಲಿಲ್ಲದ್ದನ್ನು ನಿರ್ವಹಿಸುವುದು ಹೇಗೆ ಎಂದು ಹಡಗು ಕಂಪನಿ ಕೇಳಬಹುದು. ಈ ಆಕ್ಷೇಪ ಮೊದಲಿನಷ್ಟು ಗಟ್ಟಿಯಾಗಿ ಉಳಿದಿಲ್ಲ. ದೊಡ್ಡ ಹಡಗು ಕಂಪನಿಗಳು ಈಗ ಬಾಗಿಲಿನಿಂದ ಬಾಗಿಲಿಗೆ ಸಾಗಣೆಯನ್ನು ಮಾರುತ್ತಿವೆ. 2023ರಲ್ಲಿ ಬಂದ ಐಎಸ್ಒ 14083 ಮಾನದಂಡ ಇಡೀ ಸಾಗಣೆ ಸರಪಣಿಯನ್ನು, ಖಾಲಿ ಓಡಾಟವನ್ನೂ ಸೇರಿಸಿ, ಲೆಕ್ಕಹಾಕುವ ಕ್ರಮವನ್ನು ಕೊಟ್ಟಿದೆ. ಸರಕಿಗೆ ದರ ಹೇಳುವಾಗ ಬಾಗಿಲು, ಇಂಗಾಲ ಹೇಳುವಾಗ ಬಂದರು ಎಂಬ ಇಬ್ಬಗೆ ಇನ್ನು ಸಲ್ಲದು.

ಕೊಳ್ಳೇಗಾಲಕ್ಕೆ ರೈಲಿಲ್ಲ. 1990ರ ದಶಕದಲ್ಲಿ ಮಂಜೂರಾದ, ಕನಕಪುರ, ಮಳವಳ್ಳಿ, ಕೊಳ್ಳೇಗಾಲ ಹಾದುಹೋಗಬೇಕಿದ್ದ ಹೆಜ್ಜಾಲ–ಚಾಮರಾಜನಗರ ಮಾರ್ಗ ಇಂದಿಗೂ ಹಾಕಿಲ್ಲ. ಅದನ್ನು ಪ್ರಯಾಣಿಕರ ಬೇಡಿಕೆ ಎಂದೇ ಚರ್ಚಿಸುತ್ತೇವೆ. ನನ್ನ ದೃಷ್ಟಿಯಲ್ಲಿ ಅದು ಈ ಸೀಮೆಯ ಕಡಲ ವ್ಯಾಪಾರದ ಇಂಗಾಲವನ್ನು ಇಳಿಸುವ ಎಲ್ಲಕ್ಕಿಂತ ನೇರವಾದ ದಾರಿಯೂ ಹೌದು. ರೈಲಿನಲ್ಲಿ ಟನ್ ಸರಕಿಗೆ ತಗಲುವ ಇಂಧನ ಲಾರಿಯದರ ಸಣ್ಣ ಪಾಲು ಮಾತ್ರ. ಅದು ಬರುವವರೆಗೆ ಮೈಸೂರು–ಚಾಮರಾಜನಗರ ಹಳಿಯ ಮೇಲಿರುವ ಕಡಕೊಳದ ಸರಕು ಕೇಂದ್ರದವರೆಗೆ ಲಾರಿ, ಅಲ್ಲಿಂದ ಬಂದರಿಗೆ ರೈಲು ಎಂಬ ಏರ್ಪಾಡನ್ನು ಪರೀಕ್ಷಿಸಿ ನೋಡಬಹುದು.

ಇಡೀ ಸಾಗಣೆ ಸರಪಣಿಯ ಲೆಕ್ಕಕ್ಕೆ ಬೇಕಾದ ಬಹುತೇಕ ಮಾಹಿತಿಯನ್ನು ಹೊಸದಾಗಿ ಕಲೆಹಾಕಬೇಕಿಲ್ಲ. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಸಾಗಣೆ ಪರ್ಮಿಟ್ಟಿನಲ್ಲಿ ಗಣಿ ಯಾವುದು, ತೂಕ ಎಷ್ಟು, ಲಾರಿ ಯಾವುದು, ಎಲ್ಲಿಗೆ ಎಂಬುದು ದಾಖಲಾಗುತ್ತದೆ. ಕಸ್ಟಮ್ಸಿನ ಶಿಪ್ಪಿಂಗ್ ಬಿಲ್ಲಿನಲ್ಲಿ ಸರಕು, ಬಂದರು, ಹೋಗುವ ದೇಶ ಇರುತ್ತವೆ. ಹಡಗಿನ ಬಿಲ್ ಆಫ್ ಲೇಡಿಂಗಿನಲ್ಲಿ ಹಡಗಿನ ಹೆಸರಿರುತ್ತದೆ. ಮೂರೂ ಒಂದೇ ಕಲ್ಲಿನ ಕಾಗದಗಳು, ಮೂರು ಕಚೇರಿಗಳಲ್ಲಿ ಬೇರೆ ಬೇರೆಯಾಗಿ ಕುಳಿತಿವೆ. ರಾಜ್ಯದ ಕರಾವಳಿಯ ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಜಪ್ತಿಯಾದ ಲಕ್ಷಗಟ್ಟಲೆ ಟನ್ ಕಬ್ಬಿಣದ ಅದಿರು ಅಕ್ರಮವಾಗಿ ಹಡಗೇರಿ ಹೋಗಿಬಿಟ್ಟಾಗಲೇ, ಈ ಕಾಗದಗಳು ಒಂದನ್ನೊಂದು ನೋಡದಿದ್ದರೆ ಏನಾಗುತ್ತದೆ ಎಂಬುದನ್ನು ರಾಜ್ಯ ಕಂಡಿದೆ. ಪರ್ಮಿಟ್ಟಿನ ನಂಬರನ್ನು ಶಿಪ್ಪಿಂಗ್ ಬಿಲ್ಲಿನಲ್ಲೂ, ಅಲ್ಲಿಂದ ಬಿಲ್ ಆಫ್ ಲೇಡಿಂಗಿನಲ್ಲೂ ಕಡ್ಡಾಯವಾಗಿ ಬರೆಸಿದರೆ, ಒಂದು ವರ್ಷ ಚಾಮರಾಜನಗರ ಜಿಲ್ಲೆಯಿಂದ ಹೊರಟ ಕರಿಕಲ್ಲಿನ ಪ್ರತಿ ಟನ್ನಿನ ಇಂಗಾಲವನ್ನು ಗಣಿಯಿಂದ ಪರದೇಶದ ಬಂದರಿನವರೆಗೆ ಲೆಕ್ಕಹಾಕಲು ಸಾಧ್ಯ. ಆ ಲೆಕ್ಕದಲ್ಲಿ ಎರಡು ಕಾಲಂ ಮಾತ್ರ ಹೊಸದಾಗಿ ಸೇರಬೇಕು: ಲಾರಿ ಖಾಲಿ ಮರಳಿದ ದೂರ, ಮತ್ತು ಆ ಬ್ಲಾಕಿಗಾಗಿ ಕಿತ್ತು ಗಣಿಯಲ್ಲೇ ಬಿಟ್ಟ ಕಲ್ಲಿನ ತೂಕ.