ವಂಶಪರಂಪರೆಯ ಒಂದು ವಿಂಚೆಸ್ಟರ್ ಕೋವಿಯ ಕಾಲನಿರ್ಣಯ

ಮಾಟುಂಗಾದಲ್ಲಿ ನೆಲಸಿರುವ, ಮೂಲತಃ ಯಲ್ಲಾಪುರದ ಕಡೆಯ ಕುಟುಂಬವೊಂದರಲ್ಲಿ ಮೂರು ತಲೆಮಾರುಗಳಿಂದ ಬಂದ ರೈಫಲೊಂದುಂಟು. ಮನೆಯ ಯಜಮಾನರು ತೀರಿಕೊಂಡ ಮೇಲೆ ಆಯುಧ ಕಾಯಿದೆಯಂತೆ ಅದನ್ನು ಪರವಾನೆಯುಳ್ಳ ವ್ಯಾಪಾರಿಯಲ್ಲಿ ಠೇವಣಿಯಿಡಲಾಗಿದೆ. ಮಗನು ತನ್ನ ಹೆಸರಿಗೆ ಪರವಾನೆ ಪಡೆಯಬೇಕು, ಇಲ್ಲವೆ ಮಾರಬೇಕು. ಅದರ ವಯಸ್ಸೇನು, ಬೆಲೆಯೇನು ಎಂಬ ಪ್ರಶ್ನೆ ನಮ್ಮವರೆಗೆ ಬಂದುದು ಈ ಸಂದರ್ಭದಲ್ಲಿ.

ವಿಳಂಬಿ ಸಂವತ್ಸರದಲ್ಲಿ, ಎಂದರೆ 1898–99ರಲ್ಲಿ, ದನಗಳನ್ನು ಹಿಡಿಯುತ್ತಿದ್ದ ಹುಲಿಯೊಂದನ್ನು ಮುತ್ತಜ್ಜನವರು ಇದೇ ಕೋವಿಯಿಂದ ಕೊಂದರೆಂಬುದು ಆ ಮನೆಯಲ್ಲಿ ನಡೆದುಬಂದ ಮಾತು. ಅಮೆರಿಕದ ಕೋವಿ ಯಲ್ಲಾಪುರದ ಕಾಡಿಗೆ ಬಂದುದರಲ್ಲಿ ಆಶ್ಚರ್ಯವಿಲ್ಲ. ಉತ್ತರ ಕನ್ನಡವು 1862ರಿಂದ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ವಿದೇಶೀ ಸರಕಿಗೆ ಮುಂಬಯಿಯೇ ಹೆಬ್ಬಾಗಿಲು; ಬೇಟೆಯ ಸಾಮಗ್ರಿಯನ್ನೂ ಮಾರುತ್ತಿದ್ದ ಆರ್ಮಿ ಅಂಡ್ ನೇವಿ ಮಳಿಗೆಯ ಕಟ್ಟಡವು ಕಾಳಾ ಘೋಡಾದಲ್ಲಿ ಇಂದಿಗೂ ನಿಂತಿದೆ. ಆದರೆ ಈ ಕೋವಿಯ ಮೇಲೆ ಯಾವ ವ್ಯಾಪಾರಿಯ ಹೆಸರೂ ಇಲ್ಲ.

ಅದರ ಮೇಲಿರುವುದು ‘ಮಾಡೆಲ್ 1895, ವಿಂಚೆಸ್ಟರ್, .405 ಡಬ್ಲ್ಯು. ಸಿ. ಎಫ್.’ ಎಂಬ ಬರೆಹ. ಟ್ರಿಗರಿನ ಸುತ್ತಣ ಲೀವರನ್ನು ಕೆಳಕ್ಕೆ ಒತ್ತಿ ಮೇಲೆತ್ತಿದರೆ ಖಾಲಿ ತೋಟೆ ಹೊರಬಿದ್ದು ಹೊಸದು ಒಳಸೇರುತ್ತದೆ. ಅದೇ ಕಂಪನಿಯ ಹಿಂದಿನ ಇಂಥ ಕೋವಿಗಳಲ್ಲಿ ತೋಟೆಗಳು ನಳಿಗೆಯ ಕೆಳಗಣ ಕೊಳವೆಯಲ್ಲಿ ಒಂದರ ಹಿಂದೊಂದು ಇರುತ್ತಿದ್ದವು. ಚೂಪು ಗುಂಡಾದರೆ ಮುಂದಿನ ತೋಟೆಯ ಬುಡಕ್ಕೆ ತಾಗಿ ಅಲ್ಲಿಯೇ ಸಿಡಿಯುವ ಅಪಾಯವಿತ್ತು. ಜಾನ್ ಬ್ರೌನಿಂಗ್ ರೂಪಿಸಿದ ಈ ಮಾದರಿಯಲ್ಲಿ ಅವು ಪೆಟ್ಟಿಗೆಯೊಳಗೆ ಒಂದರ ಮೇಲೊಂದು ಕೂಡುತ್ತವೆ.

ಮನೆಯವರು 1895 ಎಂಬ ಅಂಕಿಯನ್ನು ತಯಾರಾದ ವರ್ಷವೆಂದು ತಿಳಿದಿದ್ದರು. ಇದು ಬಹುಮಂದಿ ಮಾಡುವ ತಪ್ಪು. ಅದು ಮಾದರಿಯ ಹೆಸರು ಮಾತ್ರ. ಆ ಮಾದರಿಯ ಕೋವಿಗಳು ಅನಂತರ ಹಲವು ದಶಕಗಳ ಕಾಲ ತಯಾರಾದವು. ನಳಿಗೆಯ ಮೇಲಿನ ಪೇಟೆಂಟ್ ದಿನಾಂಕಗಳೂ ಅಷ್ಟೆ. ಕೋವಿ ಅದಕ್ಕಿಂತ ಹಳೆಯದಲ್ಲವೆಂದಷ್ಟೇ ಹೇಳುತ್ತವೆ. ಇಲ್ಲಿ ನಿರ್ಣಾಯಕವಾದುದು .405 ಎಂಬ ತೋಟೆಯ ಅಳತೆ. ಆ ತೋಟೆಯನ್ನು ಕಂಪನಿಯು ಹೊರತಂದುದು 1904ರಲ್ಲಿ. ಕಾರ್ಖಾನೆಯು 1905ರಿಂದ ಒತ್ತತೊಡಗಿದ ‘ಡಬ್ಲ್ಯು. ಪಿ.’ ಎಂಬ ಅಂಡಾಕಾರದ ಪರೀಕ್ಷಾಮುದ್ರೆಯೂ ನಳಿಗೆಯ ಮೇಲೆ ಸ್ಪಷ್ಟವಾಗಿದೆ. ಆದ್ದರಿಂದ ವಿಳಂಬಿಯ ಹುಲಿಯನ್ನು ಈ ಕೋವಿ ಕೊಂದಿರುವುದು ಅಸಾಧ್ಯ.

ಹಾಗಾದರೆ ಮನೆಯವರ ಮಾತು ಸುಳ್ಳೇ? ಹಾಗೆನ್ನಲು ನಮಗೆ ಮನಸ್ಸಿಲ್ಲ. ಮನೆಯ ಹಿರಿಯಳಾದ ಅಜ್ಜಿಯಿಂದ ಆ ಕಥೆಯನ್ನು ಮೊದಲಿನಿಂದ ಹೇಳಿಸಿದೆವು. ಮೊದಲ ಈಡು ತಪ್ಪಿತಂತೆ. ಮುತ್ತಜ್ಜನವರು ಮರದ ಮೇಲೆಯೇ ಮತ್ತೆ ಮದ್ದು ಸುರಿದು, ಸಲಾಕೆಯಿಂದ ಜಡಿದು, ಕೇಪು ಸಿಕ್ಕಿಸುವವರೆಗೆ ಹುಲಿ ದನದ ಮೇಲೆಯೇ ಕುಳಿತಿತ್ತಂತೆ. ಲೀವರಿನ ರೈಫಲಿಗೆ ಮದ್ದನ್ನು ಸುರಿಯುವುದೆಲ್ಲಿ, ಸಲಾಕೆಯಿಂದ ಜಡಿಯುವುದೆಲ್ಲಿ? ಅದು ಕೇಪಿನ ಕೋವಿಯ ಕಥೆಯೆಂಬುದು ನಿರ್ವಿವಾದ. ಆ ಕೋವಿ ಕಾಣೆಯಾಗಿದೆ. ಉಳಿದ ಕೋವಿಗೆ ಕಥೆ ಅಂಟಿಕೊಂಡಿದೆ. ಕಥೆಯಲ್ಲಿ ಸಲಾಕೆಯನ್ನು ಬಿಡದೆ ಉಳಿಸಿಕೊಂಡ ಅಜ್ಜಿಯ ನೆನಪಿಗೆ ನಾವು ಋಣಿಗಳು.

ರೈಫಲನ್ನು ಕೊಂಡವರು ಮುತ್ತಜ್ಜನ ಮಗನಿರಬೇಕು. 1878ರ ಕಾಯಿದೆಯ ಕೆಳಗೆ ಅವರ ಹೆಸರಿಗೆ ಕೊಟ್ಟ ಪರವಾನೆಯ ಹಾಳೆಯಲ್ಲಿರುವ ಸಂಖ್ಯೆಯೂ ಕೋವಿಯ ಮೇಲಿನ ಸಂಖ್ಯೆಯೂ ಒಂದೇ. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೊಡೋರ್ ರೂಸ್‌ವೆಲ್ಟ್ 1909–10ರಲ್ಲಿ ಪೂರ್ವ ಆಫ್ರಿಕದ ಬೇಟೆಗೆ ಒಯ್ದು ಹೊಗಳಿದ ಮೇಲೆ .405ಕ್ಕೆ ಬೇಟೆಗಾರರಲ್ಲಿ ಬೇಡಿಕೆ ಹೆಚ್ಚಿತ್ತು. ಬೆಂಗಳೂರಿನ ಕೆನೆತ್ ಆಂಡರ್ಸನ್ (1910–1974) ಬಳಸಿದುದೂ ಇದನ್ನೇ. ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕಥೆಗಳು’ ಓದಿದವರಿಗೆ ಆಂಡರ್ಸನ್ನರ ಪರಿಚಯ ಹೇಳಬೇಕಾಗಿಲ್ಲ. ಆದರೆ ಆ ಕೀರ್ತಿ ಮಾದರಿಗೆ ಸಂದುದು. ಅದನ್ನು ಹೇಳಿ ಈ ಒಂದು ಕೋವಿಯ ಬೆಲೆಯೇರಿಸುವುದು ನ್ಯಾಯವಲ್ಲ.

ಇನ್ನು ಬೆಲೆಯ ವಿಚಾರ. ಅಮೆರಿಕದ ಹರಾಜುಗಳ ಅಂಕಿಗಳು ಇಲ್ಲಿ ನಿರುಪಯುಕ್ತ. ನೂರು ವರ್ಷ ಮೀರಿದ ಚಾರಿತ್ರಿಕ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲವೆಂದು 1972ರ ಪುರಾವಸ್ತು ಕಾಯಿದೆ ವಿಧಿಸುತ್ತದೆ. ಇಲ್ಲಿ ಕೊಳ್ಳುವವರು ಪರವಾನೆಯುಳ್ಳವರು ಮಾತ್ರ. 2019ರ ತಿದ್ದುಪಡಿಯಂತೆ ಒಬ್ಬರಿಗೆ ಎರಡೇ ಕೋವಿ, ಪಿತ್ರಾರ್ಜಿತವೂ ಆ ಲೆಕ್ಕದೊಳಗೇ. .405ರ ತೋಟೆ ನಮ್ಮ ದೇಶದಲ್ಲಿ ತಯಾರಾಗುವುದಿಲ್ಲ. ಹಳೆಯದೆಂಬ ಕಾರಣದಿಂದ ಪರವಾನೆ ಬೇಡವೆಂಬ ಮನೆಯವರ ಆಸೆಯೂ ನಿಲ್ಲದು: ರಿಪೇರಿ ಮಾಡಿದರೂ ಹಾರದಂಥ ಕೋವಿಗೆ ಮಾತ್ರ ಆ ವಿನಾಯಿತಿ, ಇದು ಹಾರಬಲ್ಲುದು.

ಮಗನು ಪೊಲೀಸ್ ಕಮಿಷನರರಿಗೆ ಪರವಾನೆಯ ಅರ್ಜಿ ಬರೆದಿದ್ದಾನೆ. ನಳಿಗೆಗೆ ಹೊಸ ಬಣ್ಣವೇರಿಸುತ್ತೇನೆಂದ ವ್ಯಾಪಾರಿಯನ್ನು ನಮ್ಮ ಮಾತಿನಂತೆ ತಡೆದಿದ್ದಾನೆ. ಏರಿಸಲು ಉಜ್ಜಿದ್ದರೆ ಮುದ್ರೆಯೇ ಅಳಿಸಿಹೋಗುತ್ತಿತ್ತು. ಪರವಾನೆಯ ಹಳೆಯ ಹಾಳೆ ಮಡಿಕೆಯಲ್ಲಿ ಹರಿಯುತ್ತಿರುವುದರಿಂದ ಅದರ ನಕಲು ತೆಗೆಸಿ, ಅಜ್ಜಿಯ ಕಥೆಯನ್ನು ಅವಳ ಮಾತಿನಲ್ಲಿಯೇ ಬರೆದು ಜೊತೆಗಿರಿಸಿದ್ದೇವೆ.